ಮಲಾಜಿನ ನಾಲ್ಕನೇ ಮಹಡಿಯ ನಿರ್ದೇಶಕಿ

ರಿಯಾದಿಗೆ ಬಂದ ಮರುದಿನ ಎಚ್ಚರವಾದಾಗ ಹೊರಗೆ ಹಗಲೋ ರಾತ್ರಿಯೋ ಎಂದು ನನಗೆ ತಿಳಿಯಲಿಲ್ಲ. ಕೋಣೆಗೆ ಕಿಟಕಿ ಇತ್ತು. ಆದರೆ ಅದರ ಗಾಜಿನ ಉದ್ದಗಲಕ್ಕೂ ಅಲ್ಯುಮಿನಿಯಂ ಹಾಳೆ ಅಂಟಿಸಿದ್ದರು, ಊರಿನ ಹೋಟೆಲಿನಲ್ಲಿ ಪರೋಟ ಕಟ್ಟಿಕೊಡುತ್ತಾರಲ್ಲ, ಅಂಥದ್ದು. ಉಗುರಿನಿಂದ ಒಂದು ಮೂಲೆ ಕೆರೆದು ನೋಡಿದೆ. ಬಿಳಿ ಬಿಸಿಲು ಸೂಜಿಯ ಹಾಗೆ ಕಣ್ಣಿಗೆ ಚುಚ್ಚಿತು. ಆ ಬಿಸಿಲಿನ ಆಚೆ ಇದ್ದದ್ದು ರಸ್ತೆಯಲ್ಲ, ಪಕ್ಕದ ಕಟ್ಟಡದ ಗೋಡೆ.

"ಅದನ್ನು ಎಂತಕ್ಕೆ ಕೆರೆಯುವುದು ಮಾರಾಯ್ತಿ?" ಎಂದರು ನನ್ನ ಗಂಡ ಹನೀಫ್. "ತೆಗೆದರೆ ಎಸಿ ತಾಳುವುದಿಲ್ಲ."

"ಮತ್ತೆ ಹೊರಗೆ ನೋಡುವುದು ಹೇಗೆ?"

"ಹೊರಗೆ ಎಂತ ಉಂಟು ನೋಡಲಿಕ್ಕೆ?"

ಅವರು ಎಸಿ ಬಿಡಿಭಾಗ ಮಾರುವ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಹನ್ನೊಂದು ವರ್ಷ ಒಬ್ಬರೇ ಇದ್ದು, ಫ್ಯಾಮಿಲಿ ವೀಸಾ ಸಿಕ್ಕಿದ ಮೇಲೆ ನನ್ನನ್ನು ಕರೆಸಿಕೊಂಡಿದ್ದರು. ನಾನು ಪಾಣೆಮಂಗಳೂರಿನವಳು. ಮನೆಯ ಮಾತು ಬ್ಯಾರಿ, ಓದಿದ್ದು ಕನ್ನಡ ಶಾಲೆಯಲ್ಲಿ. ಬಿ.ಎ. ಮುಗಿಸಿ ಬಿ.ಸಿ. ರೋಡಿನ ಒಂದು ಮುದ್ರಣಾಲಯದಲ್ಲಿ ಆರು ವರ್ಷ ಪ್ರೂಫ್ ನೋಡುತ್ತಿದ್ದೆ. ಮದುವೆ ಕಾಗದ, ಶಾಲೆಯ ವಾರ್ಷಿಕ ಸಂಚಿಕೆ, ಸೊಸೈಟಿಯ ವರದಿ, ಯಾವುದಾದರೂ ಸರಿ, ತಪ್ಪು ಹುಡುಕುವುದು ನನ್ನ ಕೆಲಸ. ನಮ್ಮ ಮನೆಯ ಎದುರು ನಿಂತರೆ ದಿನಕ್ಕೆ ನಲವತ್ತು ಜನ "ಎಂತ ಮೈಮೂನಾ, ಊಟ ಆಯಿತಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಮಲಾಜಿನಲ್ಲಿ ಮೊದಲ ಮೂರು ತಿಂಗಳು ಗಂಡನನ್ನು ಬಿಟ್ಟು ಒಬ್ಬರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ.

ಮಲಾಜ್ ಅಂದರೆ ರಿಯಾದಿನ ಹಳೆಯ ಬಡಾವಣೆ. ನಾಲ್ಕು ಮಹಡಿಯ ಮಾಸಿದ ಕಟ್ಟಡಗಳು, ಕೆಳಗೆ ಬಕಾಲಾ, ಅಂದರೆ ನಮ್ಮ ಗೂಡಂಗಡಿಗಿಂತ ಸ್ವಲ್ಪ ದೊಡ್ಡ ದಿನಸಿ ಅಂಗಡಿ. ಯಮನಿನವರು, ಫಿಲಿಪ್ಪೀನಿನವರು, ಪಾಕಿಸ್ತಾನದವರು, ನಾವು. ಎಲ್ಲರ ಅಡುಗೆಯ ವಾಸನೆ ಮೆಟ್ಟಿಲ ಮೇಲೆ ಒಂದಾಗುತ್ತದೆ, ಜನ ಮಾತ್ರ ಆಗುವುದಿಲ್ಲ. ಅರಬಿ ಅಕ್ಷರವನ್ನು ನಾನು ಮದರಸಾದಲ್ಲೇ ಕಲಿತಿದ್ದೆ. ಆದರೆ ಕುರ್‌ಆನ್ ಓದುವವಳಿಗೆ ಬಕಾಲಾದಲ್ಲಿ ಕೊತ್ತಂಬರಿ ಸೊಪ್ಪು ಕೇಳಲು ಬರಲಿಲ್ಲ! ಕೈಸನ್ನೆ ಮಾಡಿ ಪುದಿನ ತಂದೆ, ಇನ್ನೊಮ್ಮೆ ಅರುಗುಲಾ ಎಂಬ ಕಹಿ ಸೊಪ್ಪು ತಂದೆ. ಮೂರನೆಯ ಸಲ "ಕುಜ್‌ಬರಾ" ಎಂದು ಸರಿಯಾಗಿ ಹೇಳಿ ಕೊತ್ತಂಬರಿಯನ್ನೇ ತಂದ ದಿನ, ಅದನ್ನು ಸಾರಿಗೆ ಹಾಕದೆ ಒಂದು ಲೋಟ ನೀರಿನಲ್ಲಿ ನಿಲ್ಲಿಸಿ ಸಂಜೆಯವರೆಗೆ ನೋಡುತ್ತ ಕುಳಿತೆ.

ನಾನು ಬಂದ ಹೊಸದರಲ್ಲಿ ಇಲ್ಲಿ ಹೆಂಗಸರು ಕಾರು ಓಡಿಸುವಂತಿರಲಿಲ್ಲ, ಸಿನಿಮಾ ಮಂದಿರ ಇರಲಿಲ್ಲ. ಈಗ ಎರಡೂ ಉಂಟು. ಊರಿನಲ್ಲಿ ಒಂದು ದಿನವೂ ಥಿಯೇಟರಿನ ಒಳಗೆ ಕಾಲಿಟ್ಟವಳಲ್ಲ ನಾನು, ನಮ್ಮ ಮನೆಯಲ್ಲಿ ಅದು ಆಗದ ಮಾತು. ಸಿನಿಮಾ ಕಲಿಯಲು ಮೈಮೂನಾ ಸೌದಿಗೆ ಹೋಗಬೇಕಾಯಿತು ಎಂದರೆ ಊರಿನವರು ಇವತ್ತಿಗೂ ನಗುತ್ತಾರೆ. ನಗಲಿ. ಆ ಕಥೆಯನ್ನೇ ಹೇಳುತ್ತೇನೆ.

ನಮ್ಮ ಕಟ್ಟಡದ ತಾರಸಿಯಲ್ಲಿ ಬಟ್ಟೆ ಒಣಗಿಸುವ ಹಗ್ಗಗಳಿವೆ. ಒಂದು ಬೆಳಿಗ್ಗೆ ಬಕೆಟ್ ಹಿಡಿದು ಹೋದಾಗ ನೀರಿನ ಟ್ಯಾಂಕಿನ ಪಕ್ಕ ಒಬ್ಬ ಎತ್ತರದ ಕಪ್ಪು ಹೆಂಗಸು ನಿಂತಿದ್ದರು. ಬಿಳಿ ಕೂದಲು, ಅಬಾಯ ಎಂಬ ಕಪ್ಪು ನಿಲುವಂಗಿಯ ಕೆಳಗೆ ಓಡುವವರ ಬೂಟು. ವಯಸ್ಸು ಎಪ್ಪತ್ತು ದಾಟಿದೆ. ನನಗೆ ಅರೆಬರೆ ಅರಬಿ ಬರತೊಡಗಿದ್ದ ಹುಮ್ಮಸ್ಸು. "ನೀನು ಯಾವ ಮನೆಯಲ್ಲಿ ಕೆಲಸಕ್ಕಿರುವುದು?" ಎಂದು ಕೇಳಿಬಿಟ್ಟೆ.

ಅವರಿಗೆ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೇಳು ಎಂದರು. ಆ ಇಂಗ್ಲಿಷ್ ಕೇಳಿದ ಕೂಡಲೇ ನನ್ನ ತಪ್ಪು ನನಗೆ ಗೊತ್ತಾಯಿತು. ಆದರೂ ಬೇರೆ ಪ್ರಶ್ನೆ ಹೊಳೆಯದೆ ಅದನ್ನೇ ತಡವರಿಸುತ್ತ ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕರು. ಅದು ಕ್ಷಮಿಸುವ ನಗು ಆಗಿರಲಿಲ್ಲ.

"ಐವತ್ತು ವರ್ಷದಿಂದ ಜನ ನನ್ನನ್ನು ಈ ಪ್ರಶ್ನೆ ಕೇಳುತ್ತಿದ್ದಾರೆ," ಎಂದರು. "ಇಷ್ಟು ದೂರ ಬಂದ ಮೇಲಾದರೂ ತಪ್ಪುತ್ತದೆ ಅಂದುಕೊಂಡಿದ್ದೆ."

ನನಗೆ ನೆಲ ಬಿರಿದು ಒಳಗೆ ಹೋಗಬೇಕು ಎನಿಸಿತು. ಒದ್ದೆ ಬಟ್ಟೆಯನ್ನು ಬಕೆಟಿನಲ್ಲೇ ಬಿಟ್ಟು ಕೆಳಗೆ ಓಡಿದೆ. ಸಂಜೆ ಒಂದು ತಟ್ಟೆ ಬಿಸಿ ಪತ್ತಿರ್, ನಮ್ಮ ಅಕ್ಕಿರೊಟ್ಟಿ, ಮತ್ತು ಕೋಳಿ ಸಾರು ತೆಗೆದುಕೊಂಡು, ಬಕಾಲಾದವನಿಂದ ಮನೆ ತಿಳಿದುಕೊಂಡು, ನಾಲ್ಕನೇ ಮಹಡಿಯ ಬಾಗಿಲು ತಟ್ಟಿದೆ. ಅವರ ಹೆಸರು ಅರ್ನೆಸ್ಟೀನ್. ಅಮೆರಿಕದವರು. ಮಗಳು ರಿಯಾದಿನ ಆಸ್ಪತ್ರೆಯೊಂದರಲ್ಲಿ ವೈದ್ಯೆ, ಮೂರು ತಿಂಗಳು ನೋಡಿಕೊಂಡು ಹೋಗೋಣವೆಂದು ಬಂದ ತಾಯಿ ಇಲ್ಲೇ ಉಳಿದಿದ್ದರು. ಮತ್ತು ಅವರು ಸಿನಿಮಾ ನಿರ್ದೇಶಕಿ.

"ಕ್ಷಮಿಸಬೇಕು ಮಿಸ್," ಎಂದೆ.

"ಕ್ಷಮೆ ಇರಲಿ. ಒಳಗೆ ಬಾ. ಆ ಪ್ರಶ್ನೆಯನ್ನು ನನಗೆ ಮೊದಲು ಯಾರು ಕೇಳಿದ್ದು ಅಂತ ಹೇಳುತ್ತೇನೆ."

ಅವರು ನಿರ್ದೇಶಕಿಯಾಗಿ ಮೊದಲ ಬಾರಿ ದೊಡ್ಡ ಸ್ಟುಡಿಯೋಗೆ ಹೋದ ದಿನ ಕಾವಲುಗಾರ ಅಡುಗೆ ಕೆಲಸದವಳಾ ಎಂದು ಕೇಳಿ ಅಡುಗೆಯವರ ಬಾಗಿಲು ತೋರಿಸಿದನಂತೆ. ಅರ್ನೆಸ್ಟೀನ್ ವಾದ ಮಾಡಲಿಲ್ಲ. ಅದೇ ಬಾಗಿಲಿನಿಂದ ಒಳಗೆ ಹೋಗಿ, ಅಡುಗೆಯವರು ಕೊಟ್ಟ ಊಟವನ್ನು ಸಾವಧಾನವಾಗಿ ಉಂಡು, ಕೈ ತೊಳೆದು, ಕ್ಯಾಮೆರಾದ ಪಕ್ಕದ ಕುರ್ಚಿಯಲ್ಲಿ ಕುಳಿತು, "ತಡವಾದದ್ದು ನನ್ನಿಂದಲ್ಲ. ಶುರು ಮಾಡಿ" ಎಂದರಂತೆ. ಅದನ್ನು ಹೇಳುವಾಗ ಬೆನ್ನು ನೆಟ್ಟಗಾಗಿತ್ತು. ಪತ್ತಿರ್ ಹರಿದು ಸಾರಿಗೆ ಅದ್ದುವ ಕೈ ಮಾತ್ರ ನಿಲ್ಲಲಿಲ್ಲ.

ಆಮೇಲೆ ನಾನು ವಾರಕ್ಕೆ ಮೂರು ನಾಲ್ಕು ದಿನ ಮೇಲೆ ಹೋಗತೊಡಗಿದೆ. ಅವರ ಬದುಕು ನನಗೆ ಚಹಾದ ಜೊತೆ ತುಂಡು ತುಂಡಾಗಿ ಸಿಕ್ಕಿತು. ದಕ್ಷಿಣ ಅಮೆರಿಕ ಅಲ್ಲ, ಅಮೆರಿಕದ ದಕ್ಷಿಣ. ಹತ್ತಿ ಬೆಳೆಯುವ ಒಂದು ಸಣ್ಣ ಪೇಟೆಯಲ್ಲಿ ಹುಟ್ಟಿದ್ದು. ತಾಯಿ ಬೇರೆಯವರ ಮನೆಯ ಬಟ್ಟೆ ಹೊಲಿಯುತ್ತಿದ್ದವರು. ಆ ಪೇಟೆಯ ಥಿಯೇಟರಿನಲ್ಲಿ ಕೆಳಗಿನ ಕುರ್ಚಿಗಳು ಬಿಳಿಯರಿಗೆ. ಕರಿಯರು ಹಿಂಬದಿಯ ಮೆಟ್ಟಿಲು ಹತ್ತಿ ಮೇಲಿನ ಅಟ್ಟದಲ್ಲಿ ಕೂರಬೇಕು. "ಅವರು ನಮ್ಮನ್ನು ಮೇಲೆ ಕೂರಿಸಿದ್ದು ಅವಮಾನ ಮಾಡಲಿಕ್ಕೆ," ಎನ್ನುತ್ತಿದ್ದರು. "ಆದರೆ ಪ್ರೊಜೆಕ್ಟರ್ ಇದ್ದದ್ದೂ ಮೇಲೆಯೇ. ನಾನು ಪರದೆಯ ಜೊತೆಗೆ ಯಂತ್ರವನ್ನೂ ನೋಡಿಕೊಂಡು ಬೆಳೆದೆ."

ಟಿವಿ ಕೇಂದ್ರವೊಂದರಲ್ಲಿ ಗುಮಾಸ್ತೆಯಾಗಿ ಸೇರಿ, ಸುದ್ದಿಯ ಫಿಲ್ಮು ಕತ್ತರಿಸಿ ಅಂಟಿಸುವುದನ್ನು ಕದ್ದು ನೋಡಿ ಕಲಿತರು. ಐದು ಬೇಸಿಗೆ ರಜೆಗಳಲ್ಲಿ, ಚಿಕ್ಕಮ್ಮನ ಮನೆಯಲ್ಲೇ, ಒಬ್ಬ ಸಂಗೀತದ ಟೀಚರಿನ ಕಥೆಯನ್ನು ಪೂರ್ತಿ ಸಿನಿಮಾ ಮಾಡಿದರು. ಅವರ ಕಡೆಯ ಕಪ್ಪು ಹೆಂಗಸು ಆ ಕಾಲದಲ್ಲಿ ನಿರ್ದೇಶನಕ್ಕೆ ಕೈ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಅದನ್ನು ಹಂಚಬೇಕಾದ ಕಂಪನಿಯ ಯಜಮಾನ ನೋಡಿ, "ಚೆನ್ನಾಗಿದೆ. ಆದರೆ ಇವಳಿಗೆ ಕಷ್ಟವೇ ಇಲ್ಲವಲ್ಲ? ಕುಡುಕ ಗಂಡ ಹೊಡೆಯುವ ಒಂದು ದೃಶ್ಯ ಸೇರಿಸು, ಇಲ್ಲದಿದ್ದರೆ ಯಾರು ನಂಬುತ್ತಾರೆ?" ಎಂದನಂತೆ.

"ನೀವು ಎಂತ ಹೇಳಿದಿರಿ ಮಿಸ್?"

"ಅವಳಿಗೆ ಗಂಡನೇ ಇಲ್ಲ, ಅವಳಿಗೆ ಬೇಕಾಗಿಯೂ ಇಲ್ಲ ಅಂದೆ."

ಕಂಪನಿ ಸಿನಿಮಾವನ್ನು ಕಪಾಟಿನಲ್ಲಿ ಇಟ್ಟಿತು. ಅರ್ನೆಸ್ಟೀನ್ ಒಂದು ಪ್ರತಿಯನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಊರೂರು ತಿರುಗಿದರು. ಚರ್ಚಿನ ಸಭಾಂಗಣ, ಶಾಲೆ, ಹೆಂಗಸರು ತಲೆ ಬಾಚಿಸಿಕೊಳ್ಳುವ ಅಂಗಡಿ, ಎಲ್ಲಿ ಬಿಳಿ ಗೋಡೆ ಇತ್ತೋ ಅಲ್ಲಿ. ಎರಡನೆಯ ಸಿನಿಮಾ ಮಾಡಲು ಹನ್ನೆರಡು ವರ್ಷ ಕಾಯಬೇಕಾಯಿತು. ನಡುವೆ ಸಾಬೂನಿನ ಜಾಹೀರಾತು ಎಡಿಟ್ ಮಾಡಿ ಮಗಳನ್ನು ಓದಿಸಿದರು. ಮುದುಕಿಯಾದ ಮೇಲೆ ಅದೇ ಮೊದಲ ಸಿನಿಮಾವನ್ನು ವಿಶ್ವವಿದ್ಯಾಲಯಗಳು ಕರೆದು ತೋರಿಸತೊಡಗಿದವು. "ಈಗ ಹಾರ ಹಾಕುತ್ತಾರೆ. ಆ ಹನ್ನೆರಡು ವರ್ಷ ಕೊಡಿ ಎಂದರೆ ಎಲ್ಲರೂ ನೆಲ ನೋಡುತ್ತಾರೆ," ಎಂದರು ಒಮ್ಮೆ. ಅವರಲ್ಲಿ ಸಿಟ್ಟು ಆರಿರಲಿಲ್ಲ. ಆರಬೇಕು ಎಂದು ಅವರಿಗೆ ಅನಿಸಿಯೂ ಇರಲಿಲ್ಲ. ಅದು ನನಗೆ ಹೊಸದು. ನಮ್ಮಲ್ಲಿ ಹೆಂಗಸಿಗೆ ವಯಸ್ಸಾದರೆ ಸಿಟ್ಟು ಇಳಿಯಬೇಕು, ಇಳಿಯದಿದ್ದರೆ ಅವಳಿಗೆ ಏನೋ ತೊಂದರೆ ಎನ್ನುತ್ತಾರೆ.

ರಿಯಾದಿನಲ್ಲಿ ಅವರು ಏಳೆಂಟು ಸೌದಿ ಹುಡುಗಿಯರಿಗೆ ಸಿನಿಮಾ ಕಲಿಸುತ್ತಿದ್ದರು. ಒಂದು ದಿನ ನೌಫ್ ಎಂಬ ವಿದ್ಯಾರ್ಥಿನಿ ತೆಗೆದ ನಾಲ್ಕು ನಿಮಿಷದ ಚಿತ್ರವನ್ನು ನನಗೂ ತೋರಿಸಿದರು. ನೋಡಿ ಮುಗಿದ ಮೇಲೆ, ಯಾರೂ ಕೇಳದೆಯೇ ನಾನು ಹೇಳಿದೆ: "ಆ ಹುಡುಗಿಯ ಬಳೆ ಮೊದಲು ಎಡಗೈಯಲ್ಲಿತ್ತು, ಮತ್ತೆ ಬಲಗೈಗೆ ಬಂತು. ಕುಡಿಯುತ್ತ ಕುಡಿಯುತ್ತ ಲೋಟದ ಚಹಾ ಜಾಸ್ತಿಯಾಯಿತು."

ಅರ್ನೆಸ್ಟೀನ್ ಚಿತ್ರವನ್ನು ಹಿಂದಕ್ಕೆ ಓಡಿಸಿ ನೋಡಿದರು. ಎರಡೂ ನಿಜ.

"ಇದನ್ನು ಎಲ್ಲಿ ಕಲಿತೆ?"

"ಪ್ರೂಫ್ ನೋಡುತ್ತಿದ್ದೆ ಮಿಸ್."

"ಸಿನಿಮಾದಲ್ಲಿ ಈ ಕೆಲಸಕ್ಕೆ ಕಂಟಿನ್ಯೂಟಿ ಎನ್ನುತ್ತಾರೆ. ಒಂದು ದೃಶ್ಯವನ್ನು ಹತ್ತು ಸಲ, ಹತ್ತು ದಿನ ತೆಗೆಯುತ್ತೇವೆ. ನೋಡುವವರಿಗೆ ಅದು ಒಂದೇ ಗಳಿಗೆ ಅನಿಸಬೇಕು. ಯಾವ ಕೈಯಲ್ಲಿ ಏನಿತ್ತು, ತಲೆವಸ್ತ್ರ ಯಾವ ಹೆಗಲ ಮೇಲಿತ್ತು, ಎಲ್ಲ ಬರೆದಿಡುವವಳು ಒಬ್ಬಳು ಬೇಕು. ನನ್ನ ಅರ್ಧ ಆಯುಷ್ಯ ಅಂಥವಳನ್ನು ಹುಡುಕುವುದರಲ್ಲೇ ಹೋಗಿದೆ."

ಹೀಗೆ ನಾನು ತರಗತಿಯ ಒಬ್ಬ ವಿದ್ಯಾರ್ಥಿನಿಯಾದೆ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಕೈಯಲ್ಲಿ ಒಂದು ದಪ್ಪ ನೋಟ್‌ಬುಕ್ ಹಿಡಿದು. ನಾನು ಬರೆದುಕೊಳ್ಳುತ್ತಿದ್ದದ್ದು ಕನ್ನಡದಲ್ಲಿ. ವೇಗವಾಗಿ ಬರೆಯಲು ನನಗೆ ಬರುವುದು ಅದೊಂದೇ.

ನೌಫ್ ಮಾಡಲು ಹೊರಟದ್ದು ತನ್ನ ಅಜ್ಜಿಯ ಸಿನಿಮಾ. ಅಜ್ಜಿಯ ಹೆಸರು ಹೆಸ್ಸಾ. ಅಲ್ ಅಹ್ಸಾ ಎಂಬಲ್ಲಿ, ಮರಳುಗಾಡಿನ ನಡುವೆ ನೀರಿನ ಒರತೆ ಇರುವ ಖರ್ಜೂರದ ಸೀಮೆಯಲ್ಲಿ, ಅವರ ತೋಟ. ಹೆಂಗಸರಿಗೆ ರಸ್ತೆಯಲ್ಲಿ ಗಾಡಿ ಓಡಿಸಲು ಅವಕಾಶ ಇಲ್ಲದ ಕಾಲದಲ್ಲೂ ಹೆಸ್ಸಾ ತಮ್ಮ ತೋಟದ ಒಳಗೆ ಪಿಕಪ್ ಓಡಿಸಿ ಖರ್ಜೂರ ಸಾಗಿಸುತ್ತಿದ್ದರು. ಗೇಟಿನವರೆಗೆ ಮಾತ್ರ. ಕಾನೂನು ಬದಲಾದ ಮೇಲೆ ಎಪ್ಪತ್ತರ ಸಮೀಪದಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಗೇಟು ದಾಟಿದರು. ಸಿನಿಮಾದಲ್ಲಿ ಅಜ್ಜಿಯ ಪಾತ್ರ ಅಜ್ಜಿಯದ್ದೇ. ಕೊನೆಯ ದೃಶ್ಯ ಆ ಗೇಟು ದಾಟುವುದು.

ಅಲ್ ಅಹ್ಸಾದಲ್ಲಿ ಐದು ದಿನದ ಶೂಟಿಂಗ್. ನಾನೂ ಹೋಗಬೇಕು ಎಂದಾಗ ಹನೀಫ್ ಊಟದ ತಟ್ಟೆಯಿಂದ ಕೈ ತೆಗೆದರು.

"ಒಬ್ಬಳೇ?"

"ಹೆಂಗಸರೇ ಎಂಟು ಜನ ಇದ್ದೇವೆ."

"ಕಫೀಲ್ ಕೇಳಿದರೆ ಎಂತ ಹೇಳುವುದು? ಊರಿನವರ ಗ್ರೂಪಿನಲ್ಲಿ ಈಗಲೇ ಮಾತಾಡುತ್ತಿದ್ದಾರೆ, ಹನೀಫನ ಹೆಂಡತಿ ಸಿನಿಮಾಕ್ಕೆ ಸೇರಿದ್ದಾಳೆ ಅಂತ. ಉಮ್ಮನ ಕಿವಿಗೆ ಬಿದ್ದಿದೆ. ನಿನ್ನೆ ಫೋನಿನಲ್ಲಿ ಅತ್ತರು."

ಉಮ್ಮ ಅಂದರೆ ಅವರ ತಾಯಿ, ಊರಿನಲ್ಲಿರುವ ನನ್ನ ಅತ್ತೆ. ಕಫೀಲ್ ಅಂದರೆ ಇಲ್ಲಿ ನಮ್ಮ ಹೊಣೆ ಹೊತ್ತ ಯಜಮಾನ. ಅವನು ಮುನಿದರೆ ಕೆಲಸವೂ ಇಲ್ಲ, ಇಕಾಮಾ ಎಂಬ ವಾಸದ ಪರವಾನಗಿಯೂ ಇಲ್ಲ ಎಂಬ ಹೆದರಿಕೆಯಲ್ಲೇ ಹನೀಫ್ ಅಷ್ಟು ವರ್ಷ ಕಳೆದಿದ್ದರು. ಅದು ಸುಳ್ಳು ಹೆದರಿಕೆಯಲ್ಲ. ಅದಕ್ಕೇ ನಾನು ದನಿ ಏರಿಸಲಿಲ್ಲ.

"ಸಂಬಳದ ಕೆಲಸವಲ್ಲ, ತರಗತಿಯ ಪಾಠ. ಯಾರಾದರೂ ಕೇಳಿದರೆ ಹೆಂಡತಿ ಪ್ರೂಫ್ ನೋಡಲು ಹೋಗಿದ್ದಾಳೆ ಎಂದು ಹೇಳಿ. ಉಮ್ಮನಿಗೂ ಅದನ್ನೇ ಹೇಳಿ. ಆದರೆ ನಾನು ಹೋಗುವವಳೇ."

ಅವರು ಎದ್ದು ಕೈ ತೊಳೆದು ಬಂದು, "ಅಲ್ಲಿ ರಾತ್ರಿ ಚಳಿ ಉಂಟು. ನನ್ನ ಜಾಕೆಟ್ ತೆಗೆದುಕೊ," ಎಂದರು. ಒಪ್ಪಿಗೆಯೋ ಸೋಲೋ ನನಗೆ ಗೊತ್ತಾಗಲಿಲ್ಲ. ಜಾಕೆಟ್ ತೆಗೆದುಕೊಂಡೆ.

ಅಲ್ ಅಹ್ಸಾದಲ್ಲಿ ಕಾರಿನಿಂದ ಇಳಿದಾಗ ಮೊದಲು ಕೇಳಿದ್ದು ನೀರು ಹರಿಯುವ ಸದ್ದು. ಅಷ್ಟು ವರ್ಷ ರಿಯಾದಿನಲ್ಲಿ ನೀರು ಅಂದರೆ ನಲ್ಲಿ, ಬಾಟಲಿ, ಟ್ಯಾಂಕರ್. ಇಲ್ಲಿ ಕಾಲುವೆಯಲ್ಲಿ ತಾನಾಗಿ ಹರಿಯುತ್ತಿತ್ತು. ಮಧ್ಯಾಹ್ನ ಹೆಸ್ಸಾ ಅಜ್ಜಿ ದೊಡ್ಡ ತಟ್ಟೆಯಲ್ಲಿ ಅನ್ನ ತಂದಿಟ್ಟರು. ಅನ್ನ ಕೆಂಪಗಿತ್ತು. ಅಲ್ಲಿ ಬೆಳೆಯುವ ಹಸಾವಿ ಎಂಬ ಕೆಂಪಕ್ಕಿ. ಒಂದು ತುತ್ತು ಬಾಯಿಗಿಟ್ಟೆ. ನಮ್ಮ ಕುಚ್ಚಲಕ್ಕಿಯ ಅದೇ ಗಡಸು, ಅದೇ ಮಣ್ಣಿನ ರುಚಿ. ಎಲ್ಲರ ಎದುರು ಅತ್ತುಬಿಟ್ಟೆ. ಅಜ್ಜಿ ಗಾಬರಿಯಾಗಿ, "ಖಾರವಾ?" ಎಂದು ಕೇಳಿದರು. "ಇಲ್ಲ ಅಜ್ಜೀ, ಇದು ನಮ್ಮ ಊರಿನ ಅನ್ನ," ಎಂದೆ. "ಅಲ್ಲ, ನಮ್ಮ ಊರಿನದು," ಎಂದು ಗದರಿಸಿ ಇನ್ನೂ ಎರಡು ಹಿಡಿ ಬಡಿಸಿದರು.

ಮೂರು ದಿನ ಕೆಲಸ ಸಲೀಸಾಗಿ ನಡೆಯಿತು. ನಾಲ್ಕನೆಯ ಬೆಳಿಗ್ಗೆ ಅರ್ನೆಸ್ಟೀನ್ ಕಾಲುವೆಯ ಪಾಚಿಗಟ್ಟಿದ ಅಂಚಿನಲ್ಲಿ ಕಾಲು ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು, ತಲೆಗೂ ಪೆಟ್ಟಾಯಿತು. ಇಬ್ಬರು ಹುಡುಗಿಯರು ಅವರನ್ನು ಹೊಫೂಫ್ ಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಕಾರಿನ ಬಾಗಿಲು ಹಾಕುವ ಮೊದಲು ಅವರು ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಪುಸ್ತಕ ಬಿಡಬೇಡ."

ಯಾಕೆ ಹಾಗೆ ಹೇಳಿದರು ಎಂದು ಮರುದಿನ ಮಧ್ಯಾಹ್ನ ತಿಳಿಯಿತು. ಕ್ಯಾಮೆರಾ ಮತ್ತು ಸಾಮಗ್ರಿ ಕೊಟ್ಟಿದ್ದ ಕಂಪನಿಯ ಮ್ಯಾನೇಜರ್ ರಿಯಾದಿನಿಂದ ಬಂದಿಳಿದ. ಒಳ್ಳೆಯ ಬಟ್ಟೆ, ಮೆಲುದನಿ. ಅರ್ನೆಸ್ಟೀನ್ ಬಗ್ಗೆ ಎರಡು ಮಾತು ವಿಚಾರಿಸಿ ನೇರ ವಿಷಯಕ್ಕೆ ಬಂದ.

"ಕಥೆ ಚೆನ್ನಾಗಿದೆ. ಆದರೆ ಅಜ್ಜಿಗೆ ಗಾಡಿ ಕಲಿಸಿದ್ದು ಯಾರು? ತಾನಾಗಿ ಕಲಿತಳು ಎಂದರೆ ಜನ ಒಪ್ಪುವುದಿಲ್ಲ. ಒಬ್ಬ ಅಣ್ಣ ಬೇಕು. ಕೊನೆಯ ದೃಶ್ಯದಲ್ಲಿ ಪಕ್ಕದ ಸೀಟಿನಲ್ಲಿ ಅವನು ಕೂತಿರಬೇಕು. ನಾಳೆ ನಟನನ್ನೂ ಒಬ್ಬ ನಿರ್ದೇಶಕನನ್ನೂ ಕಳಿಸುತ್ತೇನೆ."

ಕುಡುಕ ಗಂಡ ಬೇಕು ಎಂದಿದ್ದವನ ದನಿಯೇ ಬೇರೆ ದೇಶದಲ್ಲಿ, ಬೇರೆ ಭಾಷೆಯಲ್ಲಿ ಎದುರು ನಿಂತ ಹಾಗಾಯಿತು.

ನೌಫ್ ಇಪ್ಪತ್ತನಾಲ್ಕರ ಹುಡುಗಿ. "ತನಗೆ ಅಣ್ಣ ಇರಲೇ ಇಲ್ಲ ಅಂತ ಅಜ್ಜಿಯೇ ಹೇಳುತ್ತಾರೆ," ಎಂದಳು.

"ಸಿನಿಮಾದಲ್ಲಿ ಇರಲಿ. ಇಲ್ಲದಿದ್ದರೆ ಕ್ಯಾಮೆರಾ ನನ್ನ ಜೊತೆ ವಾಪಸ್ ಬರುತ್ತದೆ." ಅವನು ನನ್ನ ಕಡೆ ತಿರುಗಿ ಕೈ ಚಾಚಿದ. "ಆ ಪುಸ್ತಕ ಇಲ್ಲಿ ಕೊಡು. ನಾಳೆ ಬರುವವರಿಗೆ ಬೇಕು."

ಅವನಿಗೆ ಅದು ಬೇಕಿತ್ತು ಎನ್ನುವುದು ನಿಜ. ಮೊದಲ ದಿನವೇ ಗೇಟಿನ ಒಳಗಿನ ಅರ್ಧ ದೃಶ್ಯ ತೆಗೆದಾಗಿತ್ತು. ಉಳಿದರ್ಧ ಅದಕ್ಕೆ ಕೂಡಬೇಕಾದರೆ ನನ್ನ ಬರಹ ಇಲ್ಲದೆ ಆಗದು.

"ಕೊಡುವುದಿಲ್ಲ," ಎಂದೆ.

"ನೀನು ಯಾರು?"

"ಕಂಟಿನ್ಯೂಟಿ."

"ಅದಲ್ಲ. ಯಾರ ಮನೆಯವಳು? ಇಕಾಮಾ ಎಲ್ಲಿ? ಯಾರ ಕಫಾಲತ್ತಿನಲ್ಲಿ, ಯಾರ ಹೊಣೆಯಲ್ಲಿ ಇದ್ದೀ?"

ಒಂದು ಫೋನು, ಹನೀಫರ ಕಂಪನಿಗೆ ಒಂದು ಮಾತು ಸಾಕು, ಅವರ ಅಷ್ಟು ವರ್ಷದ ಕೆಲಸ ಅಲ್ಲಾಡುತ್ತದೆ. ಪುಸ್ತಕ ಕೊಟ್ಟುಬಿಡು, ಹೋಗಿ ಅಡುಗೆ ಮಾಡಿಕೊಂಡಿರು ಎಂದು ಒಳಗಿನಿಂದ ಯಾರೋ ಹೇಳಿದರು. ತಾರಸಿಯಲ್ಲಿ ನಾನು ಅರ್ನೆಸ್ಟೀನರನ್ನು ಕೇಳಿದ ಪ್ರಶ್ನೆಯನ್ನೇ ಇವನು ನನ್ನನ್ನು ಕೇಳುತ್ತಿದ್ದಾನೆ ಎಂದು ಆಗ ಹೊಳೆಯಿತು. ನಾಚಿಕೆ ಮತ್ತು ಸಿಟ್ಟು ಎರಡೂ ಒಟ್ಟಿಗೆ ಏರಿದವು.

ಚೀಲದಿಂದ ಇಕಾಮಾ ತೆಗೆದು ಅವನ ಮುಖದ ಎದುರು ಹಿಡಿದೆ. "ಬೇಕಾದರೆ ಫೋಟೋ ತೆಗೆದುಕೊಳ್ಳಿ. ಹೆಸರು ಮೈಮೂನಾ. ಈ ಪುಸ್ತಕದಲ್ಲಿ ಐದು ದಿನ ನಡೆದದ್ದೆಲ್ಲ ಉಂಟು. ಅಣ್ಣ ಎಲ್ಲಿಯೂ ಇಲ್ಲ." ನನ್ನ ಅರಬಿ ವ್ಯಾಕರಣ ಪೂರ್ತಿ ತಪ್ಪಿತ್ತು. ಆದರೆ ಮಾತು ಅವನಿಗೆ ಅರ್ಥವಾಯಿತು. ಪುಸ್ತಕ ತೆರೆದೂ ತೋರಿಸಿದೆ. ಪುಟಗಟ್ಟಲೆ ಕನ್ನಡ. ಕಿತ್ತುಕೊಂಡರೂ ಓದುವವರು ಯಾರು?

ಅವನು ಇಕಾಮಾದ ಫೋಟೋ ತೆಗೆದೇ ತೆಗೆದ. "ಆಫೀಸಿಗೆ ಫೋನ್ ಮಾಡಿ ಬರುತ್ತೇನೆ. ಅಲ್ಲಿಯವರೆಗೆ ಏನೂ ಚಿತ್ರೀಕರಣ ಬೇಡ," ಎಂದು ಸಿಗ್ನಲ್ ಹುಡುಕಿಕೊಂಡು ಮುಖ್ಯ ರಸ್ತೆಯ ಕಡೆ ಕಾರು ಓಡಿಸಿದ.

ನಾವು ಹೆಂಗಸರೆಲ್ಲ ಖರ್ಜೂರದ ನೆರಳಿನಲ್ಲಿ ನಿಂತಿದ್ದೆವು. ಇಳಿಹೊತ್ತಿನ ಅಸರ್ ನಮಾಜ್ ಕಳೆದಿತ್ತು. ಬಿಸಿಲು ಹಳದಿಯಾಗುತ್ತಿತ್ತು. ನೌಫ್ ನೆಲ ನೋಡುತ್ತಿದ್ದಳು.

"ನೌಫ್," ಎಂದೆ, "ಮೊದಲ ದಿನದ ಬಿಸಿಲೂ ಇದೇ ಆಗಿತ್ತು. ಅಜ್ಜಿಯ ತಲೆವಸ್ತ್ರದ ತುದಿ ಎಡ ಹೆಗಲಿನ ಮೇಲೆ. ಗಾಡಿಯ ಗಾಜು ಮೂರು ಬೆರಳು ಇಳಿದಿತ್ತು. ಎದುರಿನ ಗಾಜಿನ ಧೂಳನ್ನು ಬಲಭಾಗದಲ್ಲಿ ಮಾತ್ರ ಒರೆಸಿತ್ತು. ಎಲ್ಲ ನನ್ನ ಹತ್ತಿರ ಉಂಟು. ಅರ್ಧ ಗಂಟೆ ಸಾಕು. ಆದರೆ ಹೇಳಬೇಕಾದವಳು ನೀನು."

ಅವಳು ತಲೆ ಎತ್ತುವ ಮೊದಲೇ ಹೆಸ್ಸಾ ಅಜ್ಜಿ ಪಿಕಪ್ಪಿನ ಬಾಗಿಲು ತೆಗೆದು ಹತ್ತಿ ಕುಳಿತಾಗಿತ್ತು. ಕಿಟಕಿಯಿಂದ ಕೂಗಿದರು: "ನನಗೆ ಕಲಿಸಿದ್ದು ಈ ಗಾಡಿ. ಮೂರು ಮರಕ್ಕೆ ಗುದ್ದಿ ಕಲಿತೆ. ಆ ಮರಗಳನ್ನು ಬೇಕಾದರೆ ಪಕ್ಕದಲ್ಲಿ ಕೂರಿಸಲಿ. ಯಲ್ಲಾ, ಶುರು ಮಾಡಿ!"

ನೌಫ್ ನಕ್ಕಳು, ಅತ್ತಳು, ಕ್ಯಾಮೆರಾ ಹಿಡಿದಿದ್ದ ಗೆಳತಿಯ ಕಡೆ ತಿರುಗಿ, "ತೆಗಿ," ಎಂದಳು.

ನಾನು ಓಡಿ ಹೋಗಿ ತಲೆವಸ್ತ್ರ ಸರಿಮಾಡಿದೆ, ಗಾಜನ್ನು ಮೂರು ಬೆರಳಿಗೆ ನಿಲ್ಲಿಸಿದೆ, ಬಲಭಾಗದ ಧೂಳು ಒರೆಸಿದೆ. ಗೇಟು ತೆರೆಯಿತು. ಅಜ್ಜಿ ಒಬ್ಬರೇ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಮಣ್ಣಿನ ದಾರಿಯಿಂದ ಡಾಮರಿಗೆ ಗಾಡಿ ಏರಿಸಿದರು. ಎರಡು ಸಲ ತೆಗೆದೆವು. ಮ್ಯಾನೇಜರ್ ವಾಪಸ್ ಬಂದಾಗ ನಾವು ಚಹಾ ಕುಡಿಯುತ್ತಿದ್ದೆವು. ಕ್ಯಾಮೆರಾ ಒಯ್ದ. ಚಿತ್ರದ ಪ್ರತಿ ಅಷ್ಟರಲ್ಲಿ ನೌಫಳ ಲ್ಯಾಪ್‌ಟಾಪಿಗೆ ಇಳಿದಿತ್ತು.

ಅದರ ಫಲವನ್ನೂ ಉಂಡೆವು. ಕಂಪನಿ ಕೈ ಬಿಟ್ಟಿತು. ಒಂದು ವಾರದಲ್ಲಿ ಹನೀಫರನ್ನು ಅವರ ಆಫೀಸಿನಲ್ಲಿ ಕರೆದು ಕೇಳಿದರು. ನಾನು ಬಟ್ಟೆಬರೆ ಕಟ್ಟಿಕೊಂಡು ಊರಿಗೆ ಹೋಗುವ ಮನಸ್ಸು ಗಟ್ಟಿ ಮಾಡಿಕೊಂಡೆ. ಸಂಜೆ ಬಂದವರೇ ಅವರು ಚಪ್ಪಲಿ ಬಿಚ್ಚುತ್ತ, "ನನ್ನ ಅನುಮತಿಯಿಂದಲೇ ಹೋಗಿದ್ದಾಳೆ ಅಂದೆ. ಕಫೀಲ್ ನಕ್ಕು, ಅವರ ಹೆಂಡತಿಗೂ ಆ ಸಿನಿಮಾ ನೋಡಬೇಕಂತೆ, ಅಂದರು," ಎಂದರು.

ನಾನು ಸಮಾಧಾನಪಡಬೇಕಿತ್ತು. ಬದಲಿಗೆ, "ಯಾವ ಅನುಮತಿ? ನೀವು ಎಲ್ಲಿ ಕೊಟ್ಟದ್ದು?" ಎಂದು ಕೇಳಿದೆ.

"ಜಾಕೆಟ್ ಕೊಟ್ಟಿದ್ದೆನಲ್ಲ ಮಾರಾಯ್ತಿ!"

ಆ ದಿನ ಜಗಳವಾಡುತ್ತಲೇ ನಕ್ಕೆವು.

ಅರ್ನೆಸ್ಟೀನ್ ಕೈಗೆ ಪಟ್ಟಿ ಕಟ್ಟಿಸಿಕೊಂಡು ನಾಲ್ಕನೇ ಮಹಡಿಯಲ್ಲೇ ಎಡಿಟ್‌ಗೆ ಕುಳಿತರು. ನೌಫ್ ಬಲಗೈ, ಅವರು ಎಡಗೈ. ಗೇಟಿನ ದೃಶ್ಯ ಕೂಡಿಸಿದ ದಿನ ಅವರು ನನ್ನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಪುಟ ತಿರುವಿದರು, ಒಂದಕ್ಷರ ತಿಳಿಯದಿದ್ದರೂ. "ಆ ಸ್ಟುಡಿಯೋದ ಕಾಲದಲ್ಲಿ ನನ್ನ ಪಕ್ಕ ಹೀಗೆ ನಿಲ್ಲುವವರು ಒಬ್ಬರೂ ಇರಲಿಲ್ಲ," ಎಂದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದು ಆಗ ಒಮ್ಮೆ ಮಾತ್ರ.

ಥಿಯೇಟರು ಯಾರೂ ಕೊಡಲಿಲ್ಲ. ಅರ್ನೆಸ್ಟೀನರಿಗೆ ಅದು ಹೊಸದೇ ಅಲ್ಲ. "ಬಿಳಿ ಗೋಡೆ ಎಲ್ಲಿದೆ ಹುಡುಕಿ," ಎಂದರು. ಹೆಸ್ಸಾ ಅಜ್ಜಿಯ ತೋಟದಲ್ಲಿ ಹಾಸಿಗೆ ಬಟ್ಟೆಯ ಮೇಲೆ ತೋರಿಸಿದೆವು. ತಾಯಿಫ್ ಪಟ್ಟಣದಲ್ಲಿ ನೌಫಳ ಅತ್ತೆಯ ಮನೆಯಲ್ಲಿ, ಮತ್ತೆ ಮಲಾಜಿನ ನಮ್ಮ ಮನೆಯಲ್ಲೂ. ನನ್ನ ಬಗ್ಗೆ ಗ್ರೂಪಿನಲ್ಲಿ ಮಾತಾಡಿದ್ದ ಮಂಗಳೂರು, ಉಡುಪಿ, ಭಟ್ಕಳದ ಹೆಂಗಸರನ್ನು ನಾನೇ ಕರೆದೆ. ಬಂದರು, ಸಮೋಸ ತಿಂದರು, ನೋಡಿದರು. ಕೊನೆಗೆ ಹಿರಿಯ ಬೀಫಾತುಮ್ಮ ಕೇಳಿದರು, "ಎಲ್ಲ ಸರಿ. ಇದರಲ್ಲಿ ನೀನು ಎಂತ ಮಾಡಿದ್ದು ಮೈಮೂನಾ? ಒಂದು ಕಡೆಯೂ ಕಾಣಲಿಲ್ಲವಲ್ಲ?"

"ಕಾಣಲಿಲ್ಲ ಅಲ್ಲವಾ? ಅದೇ ನನ್ನ ಕೆಲಸ," ಎಂದೆ.

ಮಗಳ ಕೆಲಸದ ಅವಧಿ ಮುಗಿದು ಅರ್ನೆಸ್ಟೀನ್ ಅಮೆರಿಕಕ್ಕೆ ಹೋದರು. ಎಪ್ಪತ್ತಾರರಲ್ಲಿ ಹೊಸ ಸಿನಿಮಾ ಬರೆಯುತ್ತಿದ್ದಾರೆ, ತಮ್ಮ ತಾಯಿಯ ಬಗ್ಗೆ. ನೌಫ್ ಎರಡನೆಯದಕ್ಕೆ ತಯಾರಿ ಮಾಡುತ್ತಿದ್ದಾಳೆ. ಹನೀಫರಿಗೆ ಈಗ ಊರಿಗೆ ಹೋಗಿ ನಿಲ್ಲುವ ಆಸೆ. ಹನ್ನೊಂದು ವರ್ಷ ಊರಿನ ಕನಸಿನಲ್ಲೇ ಕಳೆದವರು ಅವರು, ನನಗೆ ಅದು ಅರ್ಥವಾಗುತ್ತದೆ. ಆದರೆ ನಾನು ಮೊದಲ ಸಲ ನಾಲ್ಕು ಜನರ ಎದುರು "ಕೊಡುವುದಿಲ್ಲ" ಎಂದು ಹೇಳಿದ್ದು ಈ ನೆಲದಲ್ಲಿ. ಇದನ್ನು ಬಿಟ್ಟುಹೋಗಲು ನನ್ನಿಂದ ಆಗುತ್ತಿಲ್ಲ.

ಈ ಬೇಸಿಗೆ ರಜೆಯಲ್ಲಿ ಪಾಣೆಮಂಗಳೂರಿಗೆ ಹೋದಾಗ ಅತ್ತೆ ಬೀಡಿ ಕಟ್ಟುತ್ತ ಜಗಲಿಯಲ್ಲಿ ಕುಳಿತಿದ್ದರು. ಎರಡು ವಾರ ಸಿನಿಮಾದ ಹೆಸರೇ ಎತ್ತಲಿಲ್ಲ. ಒಂದು ಮಧ್ಯಾಹ್ನ ತಾವಾಗಿ, "ಆ ಮುದುಕಿಯದ್ದು ತೋರಿಸು ನೋಡುವ," ಎಂದರು. ಫೋನು ಕೊಟ್ಟೆ. ಒಂದು ಮಾತೂ ಅರ್ಥವಾಗದ ಭಾಷೆಯ ಸಿನಿಮಾವನ್ನು ಅವರು ಬೀಡಿ ಎಲೆ ಇಟ್ಟಿದ್ದ ಸೂಪು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕೊನೆಯವರೆಗೆ ನೋಡಿದರು.

"ಇವಳಿಗೆ ಯಾರೂ ಕಲಿಸಿದ್ದಲ್ಲ," ಎಂದರು. "ಕೈ ನೋಡಿದರೆ ಗೊತ್ತಾಗುತ್ತದೆ."

ಫೋನು ನನ್ನ ಕೈಗೆ ಕೊಟ್ಟು ಮತ್ತೆ ಬೀಡಿಗೆ ಕೈ ಹಾಕಿದರು.

"ಇಲ್ಲಿಯೇ ಇದ್ದು ಇಂಥದ್ದು ಮಾಡಬಹುದಲ್ಲ?"

"ಮಾಡಬಹುದು ಮಾಮಿ."

"ಆದರೂ ಹೋಗುತ್ತೀ."

"ಹೌದು."

"ಮತ್ತೆ ಬರುತ್ತೀ?"

"ಹೌದು."

"ಅದೆಂತ ಬದುಕು? ಕಾಲು ಒಂದು ಕಡೆ ಇಡು ಮಾರಾಯ್ತಿ."

ಹೊರಡುವ ದಿನ ಬಾಗಿಲಲ್ಲಿ ನಿಂತು ನಮ್ಮ ಕಡೆಯವರು ಹೇಳುವ ಹಾಗೆಯೇ "ಬರುತ್ತೇನೆ ಮಾಮಿ" ಎಂದೆ. ಹೋಗುವಾಗ ಹೋಗುತ್ತೇನೆ ಎನ್ನಬಾರದು ನಮ್ಮಲ್ಲಿ. ಅಷ್ಟರಲ್ಲಿ ಫೋನಿನಲ್ಲಿ ನೌಫ್, ಯಾವಾಗ ವಿಮಾನ ಎಂದು ಕೇಳಿದ್ದಳು. ಚೀಲ ಹೆಗಲಿಗೇರಿಸಿಕೊಂಡು, ಕಾರಿನ ಬಾಗಿಲಲ್ಲೇ ನಿಂತು ಅವಳಿಗೂ ಅರಬಿಯಲ್ಲಿ ಅದೇ ಮಾತು ಬರೆದೆ: ಬರುತ್ತೇನೆ.